ಪೆಟ್ಟಿಗೆ ಜೊತೆಗಿಲ್ಲದ ಎರಡು ಹೊತ್ತು

"ಪೆಟ್ಟಿಗೆ ಕಳವಾಗಿದೆ, ನೀವೇ ಏನಾದರೂ ಮಾಡಬೇಕು."

ದುಬೈಯಲ್ಲಿ ಪ್ರವಾಸಿ ಹಡಗು ಹತ್ತಿದವರಿಂದ ನನಗೆ ಈ ಕರೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ನಮ್ಮ ಕಾಸರಗೋಡಿನ ಮುಳ್ಳೇರಿಯದವರಿರಲಿ, ಪೆರ್ಲದವರಿರಲಿ, ಮಾತು ಅದೇ. ಪೆಟ್ಟಿಗೆ ಕಳವಾಗಿರುವುದಿಲ್ಲ. ಅವರು ನಿಂತಲ್ಲಿಂದ ಕೆಲವು ಅಂತಸ್ತು ಕೆಳಗೆ, ಸಾವಿರಾರು ಪೆಟ್ಟಿಗೆಗಳ ನಡುವೆ ತನ್ನ ಸರದಿ ಕಾಯುತ್ತಿರುತ್ತದೆ. ಆದರೆ ರಕ್ತದೊತ್ತಡದ ಮಾತ್ರೆ ಅದರೊಳಗಿದೆ, ಬದಲಿ ಬಟ್ಟೆ ಅದರೊಳಗಿದೆ, ಮೊಮ್ಮಗನ ಈಜುಡುಗೆಯೂ ಅದರೊಳಗಿದೆ. ಹಿಂದಿನ ರಾತ್ರಿ ಮನೆಯಲ್ಲಿ ಉಟ್ಟು ಹೊರಟ ಬಟ್ಟೆಯಲ್ಲೇ ಸಂಜೆಯವರೆಗೆ ಕೂರಬೇಕಾಗುತ್ತದೆ. ಸಿಟ್ಟು ಬರುವುದು ಸಹಜ.

ನಾನು ಹದಿನೈದು ವರ್ಷ ಪ್ರವಾಸಿ ಹಡಗುಗಳಲ್ಲಿ ದುಡಿದವನು. ಮೊದಲು ಕೋಣೆಗಳನ್ನು ಅಣಿಮಾಡುವ ಕೆಲಸ, ಆಮೇಲೆ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಣೆ. ಪಾಲಕುನ್ನು, ಉದುಮ, ಕೋಟಿಕುಳಂ ಕಡೆಯ ಮನೆಗಳಿಗೆ ಹಡಗಿನ ನೌಕರಿ ಹೊಸದಲ್ಲ. ನಾನೂ ಅದೇ ದಡದವನು. ಈಗ ಕಾಸರಗೋಡಿನಲ್ಲಿ ಸಣ್ಣದೊಂದು ಪ್ರವಾಸ ಕಚೇರಿ ಇಟ್ಟುಕೊಂಡಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಅರುವತ್ತು ದಾಟಿದವರು. ಕೊಲ್ಲಿಯಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆಂದು ಏಳು ರಾತ್ರಿಯ ಹಡಗು ಪ್ರಯಾಣ ಮಾಡಿಸುತ್ತಾರೆ: ದುಬೈ, ಅಬುಧಾಬಿ, ದೋಹಾ, ಮಸ್ಕತ್, ಮತ್ತೆ ದುಬೈ. ತೋಟ, ದನ, ಪೂಜೆ ಎಂದು ಒಂದು ವಾರ ಮನೆ ಬಿಟ್ಟವರಲ್ಲ ಇವರು. ಅವರನ್ನು ಹೊರಡಿಸುವುದು ನನಗೆ ನಿಜಕ್ಕೂ ಖುಷಿಯ ಕೆಲಸ. ಆದ್ದರಿಂದಲೇ ಒಂದು ವಿಷಯವನ್ನು ಎಷ್ಟು ಸಲ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳದಿದ್ದಾಗ ನನಗೆ ತಾಳ್ಮೆ ತಪ್ಪುತ್ತದೆ.

ಎಲ್ಲರೂ ನನ್ನಲ್ಲಿ ಕೇಳುವುದು "ಎಷ್ಟು ಜೊತೆ ಬಟ್ಟೆ ಬೇಕು?" ಎಂದು. ಅದಕ್ಕೆ ಉತ್ತರ ಸುಲಭ. ಒಬ್ಬರಿಗೆ ಒಂದು ಮಧ್ಯಮ ಗಾತ್ರದ ಸೂಟ್‌ಕೇಸ್ ಸಾಕು. ಹಗಲಿಗೆ ಹಗುರವಾದ ನಾಲ್ಕು ಜೊತೆ, ರಾತ್ರಿ ಊಟಕ್ಕೆ ಮೂರು, ಅದನ್ನೇ ತಿರುಗಿಸಿ ಮುರುಗಿಸಿ ಉಡಬಹುದು. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಪೆಟ್ಟಿಗೆ ನಿಮ್ಮ ಜೊತೆ ಎಷ್ಟು ಹೊತ್ತು ಇರುವುದಿಲ್ಲ?

ಬಸ್ಸಿನಲ್ಲಿ ಚೀಲ ಕಾಲ ಬುಡದಲ್ಲಿರುತ್ತದೆ. ರೈಲಿನಲ್ಲಿ ಸೀಟಿನಡಿ. ವಿಮಾನದಲ್ಲಿ ಇಳಿದ ಅರ್ಧ ಗಂಟೆಯಲ್ಲಿ ಪಟ್ಟಿಯ ಮೇಲೆ ತಿರುಗಿ ಬರುತ್ತದೆ. ವಸತಿಗೃಹದಲ್ಲಿ ಹುಡುಗನೊಬ್ಬ ನಿಮ್ಮ ಹಿಂದೆಯೇ ಹೊತ್ತು ತರುತ್ತಾನೆ. ಹಡಗು ಇವುಗಳಲ್ಲಿ ಯಾವುದರ ಹಾಗೂ ಅಲ್ಲ. ಬಂದರಿನ ಬಾಗಿಲಿನಲ್ಲೇ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಪೆಟ್ಟಿಗೆಯನ್ನು ಕೂಲಿಯವರಿಗೆ ಒಪ್ಪಿಸುತ್ತೀರಿ. ಅದು ಎಕ್ಸ್‌ರೇ ಯಂತ್ರದ ಮೂಲಕ ಹೋಗುತ್ತದೆ, ಕಬ್ಬಿಣದ ಬಂಡಿಗೆ ಏರುತ್ತದೆ, ಹಡಗಿನ ಹೊಟ್ಟೆ ಸೇರುತ್ತದೆ, ಅಲ್ಲಿ ಅಂತಸ್ತಿನ ಲೆಕ್ಕದಲ್ಲಿ ಬೇರ್ಪಡುತ್ತದೆ, ಕೊನೆಗೆ ನಿಮ್ಮ ಬಾಗಿಲ ಮುಂದೆ ಬಂದು ನಿಲ್ಲುತ್ತದೆ. ನೀವು ಹನ್ನೆರಡಕ್ಕೆ ಹತ್ತಿರಬಹುದು. ಪೆಟ್ಟಿಗೆ ಮೂರಕ್ಕೆ ಬಂದರೆ ಅದೃಷ್ಟ, ಆರಕ್ಕೆ ಬಂದರೆ ಸಾಮಾನ್ಯ, ರಾತ್ರಿ ಎಂಟು ದಾಟಿದರೂ ಗಾಬರಿಪಡಬೇಕಾಗಿಲ್ಲ. ಗಂಡನದು ಒಂದು ಹೊತ್ತಿಗೆ, ಹೆಂಡತಿಯದು ಇನ್ನೊಂದು ಹೊತ್ತಿಗೆ ಬರುವುದೂ ಉಂಟು. ಹಾಗಾಗಿ ದಂಪತಿಗಳಿಗೆ ನಾನು ಹೇಳುವುದು, ಇಬ್ಬರ ಬಟ್ಟೆಯನ್ನೂ ಎರಡು ಪೆಟ್ಟಿಗೆಗಳಲ್ಲಿ ಅರ್ಧರ್ಧ ಹಂಚಿ ಇಡಿ ಎಂದು.

ಇದನ್ನು ಇಷ್ಟು ವಿವರವಾಗಿ ಹೇಳಿದ ಮೇಲೂ "ಆಯಿತು, ಕೋಣೆಗೆ ಹೋದ ಮೇಲೆ ಮಿಂದು ಬಟ್ಟೆ ಬದಲಾಯಿಸಿಕೊಳ್ಳುತ್ತೇವೆ" ಎನ್ನುತ್ತಾರೆ. ಯಾವ ಬಟ್ಟೆ? ಬದಲಾಯಿಸಬೇಕಾದ ಬಟ್ಟೆ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಬಂದಿಲ್ಲ. ನಮ್ಮ ಊರಿನವರಿಗೆ ಮಿಂದ ಮೇಲೆ ಹಳೆಯ ಬಟ್ಟೆ ಉಡುವುದು ಆಗದ ಮಾತು, ಮೀಯದೆ ಊಟಕ್ಕೆ ಕೂರುವುದೂ ಕಷ್ಟ. ರಾತ್ರಿ ಮಂಗಳೂರಿನಿಂದ ವಿಮಾನ ಹತ್ತಿ, ನಿದ್ದೆಗೆಟ್ಟು, ಬೆವರಿ ಬಂದವರು ಹಡಗಿನ ಚಂದದ ಕೋಣೆಯಲ್ಲಿ ಬಾಗಿಲು ನೋಡುತ್ತಾ ಕುಳಿತಿರುತ್ತಾರೆ.

ಹೋಗಲಿ, ಅಂಗಡಿಯಲ್ಲಿ ಕೊಳ್ಳೋಣವೆಂದರೆ ಹಡಗಿನ ಅಂಗಡಿಗಳು ಬಂದರಿನಲ್ಲಿ ನಿಂತಿರುವಾಗ ಮುಚ್ಚಿರುತ್ತವೆ. ತೆರಿಗೆಯಿಲ್ಲದ ಮಾರಾಟವಾದ್ದರಿಂದ ದಡ ಬಿಟ್ಟು ಹೊರಕಡಲು ಸೇರಿದ ಮೇಲೆಯೇ ಬಾಗಿಲು ತೆರೆಯುವುದು.

ಇನ್ನೊಂದು ಕಾರಣಕ್ಕೂ ಹೀಗೆ ಕಾದು ಕೂರುವುದು ಸರಿಯಲ್ಲ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ತಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿ, 32 ಮಂದಿ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಜೀವರಕ್ಷಣೆಯ ಅಭ್ಯಾಸ ಇನ್ನೂ ಆಗಿರಲಿಲ್ಲ. ಆಗಿನ ನಿಯಮ 24 ಗಂಟೆಯ ಅವಕಾಶ ಕೊಡುತ್ತಿತ್ತು. 2015ರಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಆಗಲೇಬೇಕು. ಅಂದರೆ ಮೊದಲ ದಿನ ಮಧ್ಯಾಹ್ನವೇ ನೀವು ನಿಮ್ಮ ಗುಂಪಿನ ಜಾಗಕ್ಕೆ ಹೋಗಿ ಹಾಜರಿ ಕೊಡಬೇಕು. "ಪೆಟ್ಟಿಗೆ ಬರಲಿ, ಸೀರೆ ಬದಲಾಯಿಸಿ ಬರುತ್ತೇನೆ" ಎಂದು ಕೋಣೆಯಲ್ಲೇ ಉಳಿದವರ ಬಾಗಿಲನ್ನು ನಾನೇ ಎಷ್ಟೋ ಸಲ ತಟ್ಟಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಆದ್ದರಿಂದ ಭುಜಕ್ಕೆ ಹಾಕುವ ಒಂದು ಕೈಚೀಲ ಬೇಕು. ಅದರಲ್ಲಿ ಪಾಸ್‌ಪೋರ್ಟ್, ಎರಡು ದಿನದ ಮಾತ್ರೆಯಲ್ಲ, ಇಡೀ ವಾರದ ಮಾತ್ರೆ, ಕನ್ನಡಕ, ಮೊಬೈಲ್ ಚಾರ್ಜರ್, ಒಳ ಉಡುಪು ಸಮೇತ ಪೂರ್ತಿ ಒಂದು ಜೊತೆ ಬಟ್ಟೆ, ಒಂದು ಶಾಲು, ಮಕ್ಕಳಿದ್ದರೆ ಅವರ ಈಜುಡುಗೆ. ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರ ಚೀಟಿಯನ್ನೂ ಅದರಲ್ಲೇ ಇಟ್ಟುಕೊಳ್ಳಿ. ಮೈ ಒರೆಸುವ ತೆಳು ಬೈರಾಸು ಇಡಬೇಕೇ ಎಂದು ಕೇಳುತ್ತಾರೆ. ಇಡಿ, ನಾನೂ ಇಡುತ್ತೇನೆ. ಹಡಗಿನ ದಪ್ಪ ಟವೆಲಿನಲ್ಲಿ ತಲೆ ಒರೆಸಿದರೆ ಒರೆಸಿದ ಹಾಗೆ ಆಗುವುದಿಲ್ಲ.

ಈ ಮಾತನ್ನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡವರು ನನಗೆ ಒಬ್ಬರೇ ನೆನಪಾಗುತ್ತಾರೆ. ಕುಂಬಳೆ ಕಡೆಯ ಹಿರಿಯರು, ಯಕ್ಷಗಾನ ಮೇಳದಲ್ಲಿ ಬಹುಕಾಲ ವೇಷಭೂಷಣದ ಪೆಟ್ಟಿಗೆ ನೋಡಿಕೊಂಡವರು. ನಾನು ಹೇಳುವುದನ್ನು ಕಣ್ಣು ಮುಚ್ಚಿ ಕೇಳಿ, "ಅಂದರೆ ಪೆಟ್ಟಿಗೆ ಚೌಕಿಗೆ ತಡವಾಗಿ ಬರುತ್ತದೆ, ವೇಷ ಮಾತ್ರ ಹೊತ್ತಿಗೆ ಸರಿಯಾಗಿ ಏಳಬೇಕು. ಹೌದೋ ಅಲ್ಲವೋ?" ಎಂದರು. ಚೌಕಿ ಎಂದರೆ ವೇಷ ಕಟ್ಟಿಕೊಳ್ಳುವ ಜಾಗ. ಹೌದು ಎಂದೆ. ಹೊರಡುವ ಮುನ್ನಾದಿನ ಅವರ ಮನೆಗೆ ಹೋಗಿದ್ದೆ. ಹಳೆಯ ಪಂಚೆಯನ್ನು ಚೌಕ ಚೌಕವಾಗಿ ಹರಿದು, ಒಂದೊಂದು ದಿನದ ಬಟ್ಟೆಯನ್ನು ಒಂದೊಂದು ಗಂಟು ಕಟ್ಟಿದ್ದರು. ಕೊನೆಯ ದಿನದ್ದು ತಳದಲ್ಲಿ, ಎರಡನೆಯ ದಿನದ್ದು ಎಲ್ಲಕ್ಕಿಂತ ಮೇಲೆ. ಮೊದಲ ದಿನದ ಗಂಟು ಪೆಟ್ಟಿಗೆಯಲ್ಲಿರಲೇ ಇಲ್ಲ. ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದ ಕೈಚೀಲದಲ್ಲಿತ್ತು. ಒಂದು ಗಂಟು ಬಿಚ್ಚಿದರೆ ಉಳಿದ ಆರು ಕದಲುವುದಿಲ್ಲ. ಹದಿನೈದು ವರ್ಷ ಬಟ್ಟೆಗಳ ನಡುವೆಯೇ ಇದ್ದ ನಾನು ಆ ವಿದ್ಯೆಯನ್ನು ಅವರಿಂದ ಕಲಿತೆ. ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ಪೆಟ್ಟಿಗೆ ತಡವಾಗುವುದಕ್ಕೆ ಕೆಲವು ಸಲ ನಾವೇ ಕಾರಣ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್, ಊದುಬತ್ತಿ, ಮೇಣದಬತ್ತಿ, ಇವು ಎಕ್ಸ್‌ರೇಯಲ್ಲಿ ಕಂಡರೆ ಪೆಟ್ಟಿಗೆ ಕೋಣೆಗೆ ಬರುವುದಿಲ್ಲ, ಭದ್ರತಾ ಸಿಬ್ಬಂದಿಯ ಬಳಿ ಉಳಿಯುತ್ತದೆ. ನೀವು ಹೋಗಿ, ಅವರೆದುರು ತೆರೆದು, ಆ ವಸ್ತು ಒಪ್ಪಿಸಿ ಪೆಟ್ಟಿಗೆ ತರಬೇಕು. ಇಸ್ತ್ರಿಪೆಟ್ಟಿಗೆಯನ್ನು ಸಾಮಾನ್ಯವಾಗಿ ಇಳಿಯುವ ದಿನ ಮರಳಿಸುತ್ತಾರೆ. ಇದು ಅವರ ಹಟವಲ್ಲ. ನಡುಕಡಲಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಹಡಗಿನವರಿಗೆ ಇಲ್ಲ. 2006ರ ಮಾರ್ಚ್ 23ರಂದು ಜಮೈಕಾದ ಹತ್ತಿರ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯೊಂದರಲ್ಲಿ ಹೊತ್ತಿದ ಬೆಂಕಿ ಸಾಲು ಸಾಲು ಕೋಣೆಗಳಿಗೆ ಹಬ್ಬಿತು, ಹೊಗೆಯಿಂದ ಒಬ್ಬರು ಸತ್ತರು. ಆರದ ಸಿಗರೇಟಿನ ತುಂಡು ಕಾರಣವಿರಬೇಕೆಂದು ತನಿಖೆ ಹೇಳಿತು. ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ ಎಂದು ಸಿಬ್ಬಂದಿ ಹೇಳಿದಾಗ "ಇಷ್ಟು ಬಿಸಿಲಿದೆಯಲ್ಲ" ಎಂದು ವಾದಿಸುವವರಿಗೆ ನಾನು ಈ ಬೆಂಕಿಯ ಕತೆ ಹೇಳುತ್ತೇನೆ. ಹಾರಿ ಬಂದ ಒಂದು ಕಿಡಿಗೆ ಅಲ್ಲಿ ತೂಗುವ ಬಟ್ಟೆ ಸಾಕು. ಸ್ನಾನದ ಮನೆಯಲ್ಲಿ ಎಳೆದು ಕಟ್ಟುವ ಸಣ್ಣ ಹಗ್ಗ ಹೆಚ್ಚಾಗಿ ಇರುತ್ತದೆ. ತೆಳ್ಳಗಿನ ಪಾಲಿಯೆಸ್ಟರ್ ಅಲ್ಲಿ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ದಪ್ಪ ಹತ್ತಿ ಎರಡು ದಿನವಾದರೂ ತೇವವೇ.

ಇಸ್ತ್ರಿ ಇಲ್ಲವೆಂದ ಮೇಲೆ ಕಾಸರಗೋಡು ಸೀರೆಯ ಮಾತು ಬರುತ್ತದೆ. ನಮ್ಮ ಊರಿನ ಹೆಸರು ಹೊತ್ತ ಆ ಕೈಮಗ್ಗದ ಹತ್ತಿ ಸೀರೆಯ ಬಗ್ಗೆ ನನಗೆ ಅಪಾರ ಅಭಿಮಾನವಿದೆ. ಆದರೆ ಗಂಜಿ ಹಾಕಿದ ಸೀರೆ ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯಾಗಿ ಮುರಿಯುತ್ತದೆ. ಒಯ್ಯಲೇಬೇಕೆಂದರೆ ಒಂದೇ ಒಂದು ಒಯ್ಯಿರಿ, ಗಂಜಿ ಹಾಕದೆ ಸುರುಳಿ ಸುತ್ತಿ ಇಡಿ, ಎರಡನೆಯ ದಿನ ಬೆಳಿಗ್ಗೆಯೇ ಹಡಗಿನವರ ಬಳಿ ಇಸ್ತ್ರಿಗೆ ಕೊಡಿ. ಎಲ್ಲರೂ ಸಿಂಗರಿಸಿಕೊಂಡು ಊಟಕ್ಕೆ ಬರುವ ವಿಶೇಷ ಉಡುಪಿನ ರಾತ್ರಿಯ ದಿನ ಸಂಜೆ ಕೊಟ್ಟರೆ ಇಡೀ ಹಡಗಿನ ಕೋಟುಗಳೆಲ್ಲ ನಿಮ್ಮ ಮುಂದೆ ಸಾಲಿನಲ್ಲಿರುತ್ತವೆ. ಒಗೆಯಲು ಮಾತ್ರ ಕೊಡಬೇಡಿ. ದಿನಕ್ಕೆ ಸಾವಿರಾರು ಟವೆಲ್ ಒಗೆಯುವ ಆ ಯಂತ್ರಗಳ ಮುಂದೆ ನಿಂತವನಾಗಿ ಹೇಳುತ್ತಿದ್ದೇನೆ, ಕೈಮಗ್ಗದ ಬಣ್ಣಕ್ಕೂ ರೇಷ್ಮೆಗೂ ಅದು ತಕ್ಕ ಜಾಗವಲ್ಲ.

ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಕೊಲ್ಲಿ ಎಂದರೆ ಉರಿಬಿಸಿಲು ಎಂದುಕೊಂಡು ಹೋಗುತ್ತಾರೆ. ಜನವರಿಯಲ್ಲಿ ದುಬೈಯ ಹಗಲು 24 ಡಿಗ್ರಿಯ ಆಸುಪಾಸು, ರಾತ್ರಿ 15ಕ್ಕೂ ಇಳಿಯುತ್ತದೆ. ಮೇಲಿನ ಅಂತಸ್ತಿನಲ್ಲಿ ಗಾಳಿ ಬೇರೆ. ಒಳಗೆ ಊಟದ ಕೋಣೆಯಲ್ಲಿ, ನಾಟಕಶಾಲೆಯಲ್ಲಿ ಎಸಿಯ ಚಳಿ. ಶಾಲು ಅದಕ್ಕೇ. ಈಜುಕೊಳಕ್ಕೆ ಹತ್ತಿಯ ಚೂಡಿದಾರ, ಬನಿಯನ್ ನಡೆಯುವುದಿಲ್ಲ. ಮೈ ಪೂರ್ತಿ ಮುಚ್ಚುವ ಈಜುಡುಗೆಯನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೂ ನಿಮ್ಮ ಹಡಗಿನ ನಿಯಮ ಮೊದಲೇ ಕೇಳಿಕೊಳ್ಳಿ. ಪಂಚೆ, ಲುಂಗಿ ಕೋಣೆಯೊಳಗೆ. ಊಟದ ಸಭಾಂಗಣಕ್ಕೆ ಉದ್ದ ಪ್ಯಾಂಟ್, ಕಾಲರಿನ ಅಂಗಿ ಸಾಕು, ಕೋಟು ಹೊಲಿಸಬೇಕಾಗಿಲ್ಲ. ಮಸ್ಕತ್ತಿನ ಸುಲ್ತಾನ್ ಕಾಬೂಸ್ ಮಸೀದಿ, ಅಬುಧಾಬಿಯ ಶೇಖ್ ಜಾಯೆದ್ ಮಸೀದಿ ನೋಡುವ ಹೆಂಗಸರು ತಲೆ, ತೋಳು, ಕಾಲು ಪೂರ್ತಿ ಮುಚ್ಚಿರಬೇಕು. ಸೀರೆಯಲ್ಲಿ ತೋಳೂ ಸೊಂಟವೂ ಕಾಣುವುದರಿಂದ ಆ ದಿನ ಉದ್ದ ತೋಳಿನ ಸಡಿಲ ಚೂಡಿದಾರವೇ ಒಳ್ಳೆಯದು.

ಇನ್ನು ಎರಡನೆಯ ಹೊತ್ತು. ಕೊನೆಯ ರಾತ್ರಿ.

ಇಳಿಯುವ ಹಿಂದಿನ ದಿನ ಬಣ್ಣದ ಚೀಟಿ ಕೊಡುತ್ತಾರೆ. ಅದನ್ನು ಕಟ್ಟಿ, ರಾತ್ರಿ ಹತ್ತು ಹನ್ನೊಂದರೊಳಗೆ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಬೇಕು. ಬೆಳಗಾಗುವುದರೊಳಗೆ ಅದು ಮತ್ತೆ ಹಡಗಿನ ಹೊಟ್ಟೆಗೆ ಹೋಗಿ, ನೀವು ಇಳಿದ ಮೇಲೆ ಬಂದರಿನ ಸಭಾಂಗಣದಲ್ಲಿ ಸಿಗುತ್ತದೆ. ತಾವೇ ಎಳೆದುಕೊಂಡು ಹೋಗುವ ಶಕ್ತಿಯಿದ್ದವರು ಹೊರಗಿಡಬೇಕಾಗಿಲ್ಲ. ವಯಸ್ಸಾದವರಿಗೆ ಅದು ಕಷ್ಟ.

ನೀರ್ಚಾಲು ಕಡೆಯ ಒಬ್ಬರು ನಿವೃತ್ತ ಅಧ್ಯಾಪಕಿ, ನಾನು ಜೊತೆಗಿದ್ದ ತಂಡದಲ್ಲೇ ಬಂದಿದ್ದರು. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ಅಚ್ಚುಕಟ್ಟಿನ ಹೆಂಗಸು. ಕೊನೆಯ ಸಂಜೆ ಎಲ್ಲವನ್ನೂ ಮಡಚಿ, ಪೆಟ್ಟಿಗೆಗೆ ಬೀಗ ಹಾಕಿ, ಹತ್ತಕ್ಕೆ ಮುಂಚೆಯೇ ಹೊರಗಿಟ್ಟು, ನೈಟಿಯಲ್ಲಿ ಮಲಗಿದ್ದಾರೆ. ಬೆಳಿಗ್ಗೆ ಐದೂವರೆಗೆ ನನಗೆ ಕರೆ ಬಂತು. ಹೋದರೆ ಟೀಚರ್ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು, ಮೈತುಂಬ ಹೊದಿಕೆ ಸುತ್ತಿಕೊಂಡು. "ಉಡಲು ಏನೂ ಇಲ್ಲ" ಎಂದರು, ನನ್ನ ಮುಖ ನೋಡದೆ. ಮೂವತ್ತು ವರ್ಷ ಸೆರಗಿಗೆ ಪಿನ್ ಹಾಕದೆ ಶಾಲೆಯ ಮೆಟ್ಟಿಲು ಹತ್ತದವರು. ಹಡಗು ಆಗಲೇ ಬಂದರು ಸೇರಿತ್ತು, ಅಂಗಡಿಗಳು ಮುಚ್ಚಿದ್ದವು, ಪೆಟ್ಟಿಗೆಗಳ ಪಂಜರ ದಡಕ್ಕಿಳಿದಿತ್ತು. ತಂಡದ ಇನ್ನೊಬ್ಬರ ಬಳಿ ಒಂದು ಸೀರೆ ಉಳಿದಿತ್ತು, ಆದರೆ ರವಿಕೆ ಆಗಲಿಲ್ಲ. ಕೊನೆಗೆ ಎದುರು ಕೋಣೆಯ ಪಾಲಕ್ಕಾಡಿನ ಹುಡುಗಿ ತನ್ನ ಕೈಚೀಲದಲ್ಲಿದ್ದ ಚೂಡಿದಾರ ಕೊಟ್ಟಳು. ಟೀಚರ್ ಅದನ್ನು ಹಾಕಿಕೊಂಡರು, ತಿಂಡಿಗೆ ಮಾತ್ರ ಬರಲಿಲ್ಲ. ಅವರ ಯಜಮಾನರು ಕಾಗದದ ಲೋಟದಲ್ಲಿ ಚಹಾ ಕೊಂಡುಹೋಗಿ ಕೊಟ್ಟರು. ಬೀಗ ಹಾಕುವ ಮೊದಲು ನಾಳೆಯ ಬಟ್ಟೆ ಹೊರಗಿಡಿ ಎಂದು ನಾನು ಹಿಂದಿನ ದಿನ ಎಲ್ಲರಿಗೂ ಹೇಳಿದ್ದೆ. ಆದರೆ ಊಟದ ಗದ್ದಲದಲ್ಲಿ ಹೇಳಿದ್ದೆ. ಆಮೇಲಿಂದ ಕೊನೆಯ ಸಂಜೆ ಒಬ್ಬೊಬ್ಬರ ಬಾಗಿಲಿಗೂ ಹೋಗಿ, ನಾಳೆಯ ಬಟ್ಟೆ ಕುರ್ಚಿಯ ಮೇಲಿರುವುದನ್ನು ಕಣ್ಣಾರೆ ನೋಡಿಯೇ ಬರುತ್ತೇನೆ. ಚಪ್ಪಲಿಯನ್ನೂ ನೋಡುತ್ತೇನೆ, ಅದನ್ನೂ ಕಟ್ಟಿಬಿಟ್ಟವರಿದ್ದಾರೆ.

ಈ ನವೆಂಬರಿನಲ್ಲಿ ಟೀಚರ್ ತಂಗಿಯನ್ನು ಕರೆದುಕೊಂಡು ಮತ್ತೆ ಹೊರಟಿದ್ದಾರೆ. ಮೊನ್ನೆ ಕಚೇರಿಗೆ ಬಂದವರು ಮೇಜಿನ ಮೇಲೆ ಎರಡು ಬಟ್ಟೆಚೀಲ ಇಟ್ಟು, "ನೀವೇ ನೋಡಿ" ಎಂದರು. ಒಂದರಲ್ಲಿ ಮೊದಲ ದಿನದ ಸೀರೆ, ರವಿಕೆ, ಒಳಲಂಗ, ಮಾತ್ರೆಯ ಡಬ್ಬಿ. ಇನ್ನೊಂದರ ಬಾಯಿಯನ್ನು ದಾರದಿಂದ ಹೊಲಿದೇ ಬಿಟ್ಟಿದ್ದರು. ಅದು ಕೊನೆಯ ಬೆಳಗಿನದು, ಅಲ್ಲಿಯವರೆಗೆ ಯಾರೂ ಬಿಚ್ಚಬಾರದು ಎಂದರು. ಮೇಲೆ ಅರಶಿನ ಬಣ್ಣದ ದಾರದಲ್ಲಿ ಎರಡು ಸೇಫ್ಟಿ ಪಿನ್ ಕಟ್ಟಿದ್ದರು, ಒಂದು ತಮಗೆ, ಒಂದು ತಂಗಿಗೆ.