ಎಲ್ರೂ ಇವಿ ತಗೊಂಡ್ರೆ ನಮ್ಮ ಬೀದಿ ಟಿಸಿ (ಟ್ರಾನ್ಸ್‌ಫಾರ್ಮರ್) ತಡಿಯತ್ತಾ? (ಪವರ್ ಸಿಸ್ಟಮ್ಸ್ ಓದೋರಿಗೆ ನನ್ನ ಟಿಪ್ಪಣಿ)

ಡಿಪ್ಲೊಮಾ ಎಲೆಕ್ಟ್ರಿಕಲ್ ಓದ್ತಿರೋರಿಗೂ ಜೆಇ (ಜೂನಿಯರ್ ಇಂಜಿನಿಯರ್) ಎಕ್ಸಾಮಿಗೆ ಕೂತಿರೋರಿಗೂ ಉಪಯೋಗ ಆಗಬಹುದು ಅಂತ ನನ್ನ ನೋಟ್‌ಬುಕ್ಕಲ್ಲಿ ಇದ್ದಿದ್ದನ್ನ ಸ್ವಲ್ಪ ಬಿಡಿಸಿ ಟೈಪ್ ಮಾಡ್ತಿದೀನಿ. ಇವಿ, ಅಂದ್ರೆ ಎಲೆಕ್ಟ್ರಿಕ್ ಗಾಡಿ ಮಾತು ಬಂತು ಅಂದ್ರೆ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಈಗಲೇ ಬೇಸಿಗೇಲಿ ಕರೆಂಟ್ ತೆಗೀತಾರೆ, ಇನ್ನು ಎಲ್ರೂ ಇವಿ ತಗೊಂಡ್ರೆ ಗತಿ ಏನಪ್ಪಾ ಅಂತ. ಇನ್ನೊಬ್ರು ತಕ್ಷಣ, ಅದೆಲ್ಲ ಸುಮ್ನೆ, ಎರಡು ಪರ್ಸೆಂಟೂ ಜಾಸ್ತಿ ಆಗಲ್ಲ ಅಂತಾರೆ. ಮಜಾ ಏನಂದ್ರೆ ಇಬ್ರ ಲೆಕ್ಕಾನೂ ಸರೀನೇ, ಒಬ್ರು ಕಿಲೋವಾಟ್ ಲೆಕ್ಕ ಹಾಕ್ತಿದಾರೆ ಇನ್ನೊಬ್ರು ಯೂನಿಟ್ ಲೆಕ್ಕ ಹಾಕ್ತಿದಾರೆ ಅಷ್ಟೇ. ಬಾವೀಲಿ ನೀರು ಎಷ್ಟಿದೆ ಅನ್ನೋದು ಯೂನಿಟ್ಟು, ಒಂದೇ ಸಲಕ್ಕೆ ಎಷ್ಟು ಜನ ಹಗ್ಗ ಇಳಿಸಿ ಸೇದಬಹುದು ಅನ್ನೋದು ಕಿಲೋವಾಟು. ಈ ಎರಡನ್ನ ಕಲಸಿಬಿಟ್ರೆ ಎಕ್ಸಾಮಲ್ಲೂ ಹೋಯ್ತು, ವಾದದಲ್ಲೂ ಹೋಯ್ತು.

ಮೊದಲು ಯೂನಿಟ್ ನೋಡೋಣ (1 ಕಿಲೋವಾಟ್ ಲೋಡ್ ಒಂದು ಗಂಟೆ ಓಡಿದ್ರೆ 1 ಯೂನಿಟ್). ಕರ್ನಾಟಕದಲ್ಲಿ 10 ಲಕ್ಷ ಎಲೆಕ್ಟ್ರಿಕ್ ಕಾರು ಇದಾವೆ ಅಂತ ಅಂದ್ಕೊಳ್ಳಿ, ಇದು ಲೆಕ್ಕಕ್ಕೆ ಇಟ್ಕೊಂಡಿರೋ ನಂಬರ್, ನಿಜವಾದ್ದಲ್ಲ. ಒಂದು ಕಾರು ದಿನಕ್ಕೆ 30 ಕಿಲೋಮೀಟರ್ ಓಡತ್ತೆ, ಟ್ರಾಫಿಕ್ಕಲ್ಲಿ ಎಸಿ ಹಾಕ್ಕೊಂಡು ಯೂನಿಟ್ಟಿಗೆ 6 ಕಿಲೋಮೀಟರ್ ಕೊಡತ್ತೆ ಅಂದ್ರೆ ದಿನಕ್ಕೆ 5 ಯೂನಿಟ್. ಹತ್ತು ಲಕ್ಷಕ್ಕೆ 50 ಲಕ್ಷ ಯೂನಿಟ್, ಅಂದ್ರೆ 5 ಮಿಲಿಯನ್ ಯೂನಿಟ್. ನಮ್ ರಾಜ್ಯ ಬೇಸಿಗೇಲಿ ದಿನಕ್ಕೆ 300 ಮಿಲಿಯನ್ ಯೂನಿಟ್ ದಾಟತ್ತೆ. ಚಾರ್ಜಿಂಗ್ ಲಾಸ್ ಅಂತ ಹತ್ತು ಹದಿನೈದು ಪರ್ಸೆಂಟ್ ಸೇರಿಸಿದ್ರೂ ಎರಡು ಪರ್ಸೆಂಟ್ ಆಸುಪಾಸಲ್ಲೇ ನಿಲ್ಲತ್ತೆ. ಎರಡನೇ ಮನುಷ್ಯ ಗೆದ್ದ.

ಈಗ ಅದೇ 10 ಲಕ್ಷ ಕಾರು, ಆಫೀಸ್ ಮುಗಿಸಿ ಮನೆಗೆ ಬಂದು ಎಲ್ರೂ ಸಂಜೆ 7 ಗಂಟೆಗೆ ಪ್ಲಗ್ ಹಾಕಿದ್ರು. ಕಾರಿನ ಜೊತೆ ಬರೋ ಸಣ್ಣ ಚಾರ್ಜರ್ 15 ಆಂಪ್ ಸಾಕೆಟ್ಟಿಂದ 3.3 ಕಿಲೋವಾಟ್ ವರೆಗೂ ಎಳಿಯತ್ತೆ, ಗೋಡೆಗೆ ಹಾಕ್ಸೋದು 7.2. ಮೊದಲನೇದಾದ್ರೆ 3,300 ಮೆಗಾವಾಟ್, ಎರಡನೇದಾದ್ರೆ 7,200 ಮೆಗಾವಾಟ್. 2024ರ ಬೇಸಿಗೇಲಿ ರಾಜ್ಯದ ಒಟ್ಟು ಪೀಕ್ ಡಿಮ್ಯಾಂಡೇ (ಒಂದೇ ಹೊತ್ತಲ್ಲಿ ಬಂದ ಅತಿ ಹೆಚ್ಚು ಬೇಡಿಕೆ) 17 ಸಾವಿರ ಮೆಗಾವಾಟ್ ದಾಟಿದ್ದು, ಅದ್ರ ಮೇಲೆ 7,200 ಅಂದ್ರೆ ಗತಿ ಏನು ಅಂದವನು ಗೆದ್ದ. ಆದ್ರೆ 7.2ರಲ್ಲಿ 5 ಯೂನಿಟ್ ತುಂಬೋಕೆ ಬೇಕಾಗಿರೋದು ಬರೀ 42 ನಿಮಿಷ, 7:42ಕ್ಕೆ ಎಲ್ಲ ಆಫ್. ಅದೇ 5 ಮಿಲಿಯನ್ ಯೂನಿಟ್‌ನ 24 ಗಂಟೆಗೂ ಸಮವಾಗಿ ಹಂಚಿದ್ರೆ ಎಷ್ಟು ಗೊತ್ತಾ, 208 ಮೆಗಾವಾಟ್. ಕಾರೂ ಅದೇ, ಯೂನಿಟ್ಟೂ ಅದೇ, ಒಂದು ಕಡೆ 208 ಇನ್ನೊಂದು ಕಡೆ 7,200, ಈ ಎರಡು ನಂಬರನ್ನ ನೋಟ್ಸಲ್ಲಿ ಬಾಕ್ಸ್ ಹಾಕಿ ಇಟ್ಕೊಳ್ಳಿ.

ಎಲ್ರೂ ಒಂದೇ ನಿಮಿಷಕ್ಕೆ ಪ್ಲಗ್ ಹಾಕಲ್ವಲ್ಲ ಅಂತ ನೀವು ಕೇಳ್ತೀರ, ಕೇಳ್ಬೇಕು ಕೂಡ. ಡೈವರ್ಸಿಟಿ ಫ್ಯಾಕ್ಟರ್ ಅಂತ ಓದ್ತೀವಲ್ಲ, ಅದು ಇದೇನೇ. ಎಲ್ಲರ ಮನೇಲೂ 2 ಕಿಲೋವಾಟ್ ಗೀಸರ್ ಇದೆ, ಹಾಗಂತ ಎಲ್ರೂ ಒಟ್ಟಿಗೆ ಸ್ನಾನಕ್ಕೆ ಹೋಗಲ್ಲ, ಅದಕ್ಕೇ ಮನೆಗಳ ಸ್ಯಾಂಕ್ಷನ್ಡ್ ಲೋಡ್ (ಕನೆಕ್ಷನ್ನಿಗೆ ಮಂಜೂರಾದ ಲೋಡ್) ಎಲ್ಲ ಕೂಡಿದ್ರೆ ಟ್ರಾನ್ಸ್‌ಫಾರ್ಮರ್ ಕೆಪ್ಯಾಸಿಟಿಗಿಂತ ಜಾಸ್ತಿ ಬಂದ್ರೂ ಏನೂ ಆಗಲ್ಲ. ಆದ್ರೆ ಈ ಡೈವರ್ಸಿಟಿ ಯಾವಾಗ ಸಾಯತ್ತೆ ಅನ್ನೋದು ನನಗೆ ಪುಸ್ತಕದಲ್ಲಿ ಅರ್ಥ ಆಗಿದ್ದಲ್ಲ, ನಮ್ಮ ಚಿಕ್ಕಪ್ಪನ ತೋಟದಲ್ಲಿ ಅರ್ಥ ಆಗಿದ್ದು.

ಹಳ್ಳಿ ಕಡೆಯೋರಿಗೆ ಇದು ಹೇಳೋದೇ ಬೇಡ. ಪಂಪ್‌ಸೆಟ್ ಓಡಿಸೋ ತ್ರೀ ಫೇಸ್ ಕರೆಂಟ್ (ಮೂರು ತಂತೀಲಿ ಬರೋದು) ಪಾಳಿ ಮೇಲೆ ಬರತ್ತೆ, ಈ ವಾರ ಬೆಳಗ್ಗೆ ಇದ್ರೆ ಮುಂದಿನ ವಾರ ಬೇರೆ ಹೊತ್ತು. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡ್ಕೊಂಡು ಹೋಗಿ ಮೋಟ್ರು ಆನ್ ಮಾಡೋಕೆ ಯಾರಿಗಾಗತ್ತೆ, ಅದಕ್ಕೆ ಎಲ್ರೂ ಆಟೋ ಸ್ಟಾರ್ಟರ್ ಹಾಕ್ಸಿರ್ತಾರೆ, ಕರೆಂಟ್ ಬಂದ ತಕ್ಷಣ ತಾನಾಗೇ ಮೋಟ್ರು ಎತ್ಕೊಳ್ಳತ್ತೆ. ಒಂದು ಟಿಸಿ ಮೇಲೆ ಹದಿನೈದು ಮೋಟ್ರು ಇದ್ರೆ ಹದಿನೈದೂ ಒಂದೇ ಸೆಕೆಂಡಿಗೆ. ಪಂಪ್‌ಹೌಸಲ್ಲಿ ನೇತಾಕಿದ್ದ ಬಲ್ಬು ಬೀಡಿ ತುದಿ ಥರ ಕೆಂಪಾಗಿ, ಮೋಟ್ರುಗಳೆಲ್ಲ ಊಂ ಅಂತ ಏಳೋಕೆ ಒದ್ದಾಡಿ, ಒಂದೊಂದ್ಸಲ ಎದ್ದೇಳತ್ತೆ, ಒಂದೊಂದ್ಸಲ ಆ ಕಡೆ ಕಂಬದಲ್ಲಿ ಫ್ಯೂಸ್ ಢಂ ಅನ್ನತ್ತೆ. ಎರಡು ವರ್ಷದ ಹಿಂದೆ ಟಿಸಿನೇ ಸುಟ್ಟೋಯ್ತು, ಹೊಸಾದು ಬರೋಷ್ಟರಲ್ಲಿ ಬದನೆ ಗಿಡ ಒಣಗೋಗಿತ್ತು, ಇರಲಿ ಅದು ಬೇರೆ ಕಥೆ.

ಇಲ್ಲಿ ಗಮನಿಸಬೇಕಾಗಿರೋದು ಏನು ಅಂದ್ರೆ, 5 ಎಚ್‌ಪಿ ಮೋಟ್ರು ಅಂದ್ರೆ 3.73 ಕಿಲೋವಾಟ್. ಕಾರಿನ ಸಣ್ಣ ಚಾರ್ಜರ್ 3.3. ಹೆಚ್ಚು ಕಮ್ಮಿ ಒಂದೇ! ಕರ್ನಾಟಕದಲ್ಲಿ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) 30 ಲಕ್ಷಕ್ಕೂ ಮೇಲಿದಾವೆ, ಎಲ್ಲಾನೂ 5 ಎಚ್‌ಪಿ ಅಂತ ಹಿಡಿದ್ರೂ ಒಟ್ಟಿಗೆ ಆನ್ ಆದ್ರೆ 11 ಸಾವಿರ ಮೆಗಾವಾಟ್ ಮೇಲೆ. ಯಾವ ಗ್ರಿಡ್ ತಡಿಯತ್ತೆ ಅದನ್ನ? ಅದಕ್ಕೇ ಫೀಡರ್‌ಗಳನ್ನ (ಸಬ್‌ಸ್ಟೇಷನ್ನಿಂದ ಹೊರಡೋ ಲೈನು) ಗುಂಪು ಮಾಡಿ ದಿನಕ್ಕೆ 7 ಗಂಟೆ ಅಂತ ಪಾಳಿ ಹಾಕಿರೋದು, ಹಳ್ಳಿ ಮನೆಗಳ ಲೈನು ಪಂಪ್‌ಸೆಟ್ ಲೈನು ಬೇರೆ ಮಾಡೋಕೆ ನಿರಂತರ ಜ್ಯೋತಿ ಅಂತ ಯೋಜನೆ ತಂದಿದ್ದು. ಅಂದ್ರೆ ನಮ್ ರಾಜ್ಯ ಹತ್ತಾರು ಲಕ್ಷ ಇವಿ ಚಾರ್ಜರಿಗೆ ಸಮ ಆಗೋ ಲೋಡನ್ನ ಈಗಾಗ್ಲೇ ನಿಭಾಯಿಸ್ತಿದೆ, ರೈತರ ನಿದ್ದೆ ಕೆಡಿಸಿಯಾದ್ರೂ ನಿಭಾಯಿಸ್ತಿದೆ. ಕಾರಿನವರಿಗೆ ಹಾಗೆ ಪಾಳಿ ಹಾಕ್ತೀವಿ ಅಂದ್ರೆ ಎಷ್ಟು ಗಲಾಟೆ ಆಗಬಹುದು ಯೋಚ್ನೆ ಮಾಡಿ.

ಒಂದು ವ್ಯತ್ಯಾಸ ಬರ್ಕೊಳ್ಳಿ. ಡಿಓಎಲ್ ಸ್ಟಾರ್ಟರಲ್ಲಿ (ಮೋಟ್ರನ್ನ ನೇರವಾಗಿ ಲೈನಿಗೆ ಸೇರಿಸೋದು) ಮೋಟ್ರು ಏಳುವಾಗ ಫುಲ್ ಲೋಡಿನ ಐದಾರು ಪಟ್ಟು ಕರೆಂಟ್ ಎಳಿಯತ್ತೆ, ಇವಿ ಚಾರ್ಜರ್ ಹಾಗಲ್ಲ, ಮೆತ್ತಗೆ ಏರತ್ತೆ. ಆದ್ರೆ ಮೋಟ್ರು ಮೂರೂ ಫೇಸಿಂದ ಸಮ ಎಳಿಯತ್ತೆ, ಮನೆ ಚಾರ್ಜರ್ ಬಹುಪಾಲು ಸಿಂಗಲ್ ಫೇಸು. ಈ ಎರಡನೇದು ತಲೆನೋವು.

ಈಗ ಬೆಂಗಳೂರಿನ ಯಾವುದೋ ಒಂದು ಬೀದಿ ತಗೊಳ್ಳಿ. ಪವರ್ ಹೌಸಿಂದ 400, 220 ಕೆವಿಲಿ (ಕೆವಿ ಅಂದ್ರೆ ಸಾವಿರ ವೋಲ್ಟ್) ಬಂದು, 66 ಕೆವಿಗೆ ಇಳಿದು (ಉತ್ತರ ಕರ್ನಾಟಕದ ಕಡೆ 110, 33 ನೋಡ್ತೀರ), ಅಲ್ಲಿಂದ 11 ಕೆವಿ ಫೀಡರ್, ಕೊನೆಗೆ ನಮ್ಮ ಬೀದಿ ಟಿಸಿ, 11 ಕೆವಿ ಇಂದ 433 ವೋಲ್ಟಿಗೆ. 250 ಕೆವಿಎ ಟಿಸಿ, ಪವರ್ ಫ್ಯಾಕ್ಟರ್ (ಕೆವಿಎಲಿ ಎಷ್ಟು ಪಾಲು ಕಿಲೋವಾಟ್ ಆಗಿ ಕೆಲಸಕ್ಕೆ ಬರತ್ತೆ ಅನ್ನೋದು) 0.9 ಅಂದ್ರೆ 225 ಕಿಲೋವಾಟ್. ಅದ್ರ ಮೇಲೆ 80 ಮನೆ, ಸಂಜೆ ಪೀಕಲ್ಲಿ 130 ಕಿಲೋವಾಟ್ ಎಳೀತಾವೆ ಅಂದ್ಕೊಳ್ಳೋಣ. 20 ಮನೇಲಿ ಇವಿ ಬಂತು. ಎಲ್ಲ 3.3 ಆದ್ರೆ 66 ಸೇರಿ 196, ಪರವಾಗಿಲ್ಲ. ಎಲ್ಲ 7.2 ಆಗಿ ಒಟ್ಟಿಗೆ ಹಾಕಿದ್ರೆ 144 ಸೇರಿ 274, ಓವರ್‌ಲೋಡ್. ಅದೇ 20 ಕಾರಿಗೆ ಬೇಕಾಗಿರೋ 100 ಯೂನಿಟ್‌ನ ರಾತ್ರಿಯ ಎಂಟು ತಾಸಿಗೆ ಸಮವಾಗಿ ಹಂಚಿದ್ರೆ ಬರೀ 12.5 ಕಿಲೋವಾಟ್. ಟಿಸಿಗೆ ಗೊತ್ತೂ ಆಗಲ್ಲ.

ಫೇಸ್ ಲೆಕ್ಕ ಇನ್ನೂ ಕೆಟ್ಟದಾಗಿದೆ. 250 ಕೆವಿಎ ಟಿಸಿಯ ಫುಲ್ ಲೋಡ್ ಕರೆಂಟ್ ಫೇಸಿಗೆ 333 ಆಂಪ್ (250 × 1000 ನ 1.732 × 433 ಇಂದ ಭಾಗಿಸಿ). 7.2 ಕಿಲೋವಾಟ್ ಚಾರ್ಜರ್ ಒಂದೇ ಫೇಸಲ್ಲಿ 31 ಆಂಪ್ ತಗೊಳ್ಳತ್ತೆ. 20ರಲ್ಲಿ 10 ಕಾರು ಅಕಸ್ಮಾತ್ ಆರ್ ಫೇಸಲ್ಲೇ (ಮೂರರಲ್ಲಿ ಒಂದು ಫೇಸ್) ಕೂತ್ರೆ ಅಲ್ಲೇ 310 ಆಂಪ್, ಮನೆಗಳ ಲೋಡ್ ಇನ್ನೂ ಸೇರಿಸೇ ಇಲ್ಲ. ಒಟ್ಟು ಕೆವಿಎ ನೋಡಿದ್ರೆ ಅಷ್ಟು ಭಯ ಆಗಲ್ಲ, ಒಂದು ಫೇಸ್ ಮಾತ್ರ ಬೇಯ್ತಿರತ್ತೆ, ನ್ಯೂಟ್ರಲ್ಲಲ್ಲೂ (ಕರೆಂಟ್ ವಾಪಸ್ ಬರೋ ತಂತಿ) ಕರೆಂಟ್ ಹರಿಯತ್ತೆ, ಅದೇ ಫೇಸಿನ ಕೊನೇ ಮನೇಲಿ ಲೋ ವೋಲ್ಟೇಜು. ಹೊಸ ಟಿಸಿ ಹಾಕೋ ಮುಂಚೆ ಫೇಸ್ ಬ್ಯಾಲೆನ್ಸ್ ಮಾಡಿದ್ರೆ ಎಷ್ಟೋ ಕಡೆ ಸಮಸ್ಯೆ ಅರ್ಧ ಮುಗಿಯತ್ತೆ ಅನ್ನೋದು ನನ್ನ ಅಭಿಪ್ರಾಯ, ಖರ್ಚೂ ಕಮ್ಮಿ.

ಟಿಸಿ ಬಗ್ಗೆ ಇನ್ನೊಂದು, ಇದನ್ನ ಜಾಸ್ತಿ ಜನ ಬಿಟ್ಬಿಡ್ತಾರೆ. ಟ್ರಾನ್ಸ್‌ಫಾರ್ಮರ್ ಸಾಯೋದು ಬಿಸಿಗೆ. ವೈಂಡಿಂಗಲ್ಲಿ (ಒಳಗಿನ ತಂತಿ ಸುರುಳಿ) ತುಂಬಾ ಬಿಸಿ ಇರೋ ಜಾಗ, ಹಾಟ್‌ಸ್ಪಾಟ್ ಅಂತೀವಲ್ಲ, ಅದು 98 ಡಿಗ್ರಿ ದಾಟಿದ ಮೇಲೆ ಪ್ರತಿ 6 ಡಿಗ್ರಿಗೆ ಒಳಗಿನ ಪೇಪರ್ ಇನ್ಸುಲೇಶನ್ ಸವೆಯೋ ವೇಗ ಡಬಲ್ ಆಗತ್ತೆ. ಸಂಜೆ ಒಂದೆರಡು ಗಂಟೆ ಓವರ್‌ಲೋಡ್ ಆದ್ರೂ ಟಿಸಿ ಬದುಕ್ಕೊಂಡಿರೋದು ಯಾಕೆ ಅಂದ್ರೆ ಎಣ್ಣೆ ಬಿಸಿ ಆಗೋಕೆ ಟೈಮ್ ಹಿಡಿಯತ್ತೆ, ಆಮೇಲೆ ರಾತ್ರಿಯೆಲ್ಲ ತಣ್ಣಗಾಗತ್ತೆ. ಹಗಲೆಲ್ಲ ದುಡಿದ ಎತ್ತಿಗೆ ರಾತ್ರಿ ಮೆಲುಕು ಹಾಕೋಕೆ ಬಿಟ್ಟ ಹಾಗೆ. ಈಗ ಇವಿ ಎಲ್ಲಾನೂ ರಾತ್ರಿಗೆ ತಳ್ಳಿದ್ರೆ ಆ ರೆಸ್ಟು ಹೋಯ್ತು. ಹನ್ನೆರಡೂವರೆ ಕಿಲೋವಾಟ್ ಆದ್ರೆ ಏನೂ ಇಲ್ಲ, ಬೀದಿಗೆ 60 ಕಾರು ಬಂದು ಎಲ್ಲ 7.2 ಆದಾಗ ಈ ವಿಷ್ಯ ನೆನಪಿರಲಿ.

ಅಪಾರ್ಟ್‌ಮೆಂಟ್ ಕಥೆ ಬೇಗ ಮುಗಿಸ್ತೀನಿ. ಅಲ್ಲಿ ಬಹುಪಾಲು ಟಿಸಿ ಅವರದ್ದೇ, ಲಿಮಿಟ್ಟೂ ಅವರದ್ದೇ, ಜಗಳಾನೂ ಅವರದ್ದೇ. 2024ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕು ನಿಯಮಕ್ಕೆ ತಿದ್ದುಪಡಿ ತಂದು ಇವಿ ಚಾರ್ಜಿಂಗಿಗೆ ಬೇರೆ ಕನೆಕ್ಷನ್ ಕೇಳೋ ಅವಕಾಶ ಕೊಟ್ಟಿದೆ. ಲೋಡ್ ಹಂಚೋ ಚಾರ್ಜರ್ ಹಾಕಿದ್ರೆ, ಅಂದ್ರೆ ಒಟ್ಟು 40 ಕಿಲೋವಾಟ್ ಮೀರಬಾರದು ಅಂತ ಸೆಟ್ ಮಾಡಿ ಎಷ್ಟು ಕಾರಿದ್ರೂ ಅದ್ರೊಳಗೇ ಹಂಚ್ಕೊಳ್ಳೋ ಹಾಗೆ ಮಾಡಿದ್ರೆ, ಬಹಳಷ್ಟು ಕಡೆ ಸಾಕು. ಹೈವೇ ಫಾಸ್ಟ್ ಚಾರ್ಜರ್ ನೋಡಿದ್ರೆ ಭಯ ಆಗತ್ತೆ, 120 ಕಿಲೋವಾಟ್ ಅಂದ್ರೆ 5 ಎಚ್‌ಪಿಯ 32 ಮೋಟ್ರು ಒಂದೇ ಕಂಬದಲ್ಲಿ, ಆದ್ರೆ ಅಂಥಾ ಲೋಡಿಗೆ ಕನೆಕ್ಷನ್ ಕೇಳಿದಾಗ್ಲೇ ಲೆಕ್ಕ ಹಾಕಿ ಬೇಕಾದ್ರೆ ಟಿಸಿ ಬೇರೆ ಇಡ್ತಾರೆ. ಯಾರಿಗೂ ಗೊತ್ತಿಲ್ದೆ ಬರೋದು ಮನೆ ಚಾರ್ಜರು, ಗೀಸರ್ ಪಾಯಿಂಟಿಗೆ ಪ್ಲಗ್ ಹಾಕಿ ಸುಮ್ನಿರ್ತಾರಲ್ಲ, ಅದು.

ಇನ್ನು ಮೇಲಿನ ಮಟ್ಟ, ಜನ ನಿಜವಾಗ್ಲೂ ಗ್ರಿಡ್ ಅನ್ನೋದು. 2012 ಜುಲೈ 30, 31ಕ್ಕೆ ಉತ್ತರ ಭಾರತ ಕತ್ತಲಾದಾಗ ನಮಗೆ ಏನೂ ಆಗ್ಲಿಲ್ಲ, ಯಾಕಂದ್ರೆ ದಕ್ಷಿಣದ ಗ್ರಿಡ್ ಆಗ ಸಿಂಕ್ ಆಗಿ (ಒಂದೇ ಫ್ರೀಕ್ವೆನ್ಸೀಲಿ ಒಟ್ಟಿಗೆ ಓಡೋ ಹಾಗೆ) ಸೇರಿರಲಿಲ್ಲ. 2013 ಡಿಸೆಂಬರ್ 31ಕ್ಕೆ ರಾಯಚೂರು-ಸೋಲಾಪುರ 765 ಕೆವಿ ಲೈನ್ ಮೂಲಕ ಸೇರಿಸಿದ್ರು. ಇದ್ರಿಂದ ರಿಸ್ಕೂ ಹಂಚ್ಕೊಂಡ್ವಿ, ಲಾಭಾನೂ ಬಂತು, 2023ರಲ್ಲಿ ಮಳೆ ಕೈಕೊಟ್ಟು ಡ್ಯಾಮ್ ಖಾಲಿ ಆದಾಗ ಪಂಜಾಬ್, ಯುಪಿ ಇಂದ ಆಮೇಲೆ ವಾಪಸ್ ಕೊಡ್ತೀವಿ ಅಂತ ಕರೆಂಟ್ ತಗೊಂಡಿದ್ದು ಇಂಥ ತಂತಿಗಳು ಇದ್ದಿದ್ರಿಂದಲೇ.

ಇಲ್ಲಿ ಯೂಟ್ಯೂಬಲ್ಲಿ ಬರೋ ಒಂದು ಸಲಹೆ ಬಗ್ಗೆ ಹುಷಾರು. ರಾತ್ರಿ ಚಾರ್ಜ್ ಮಾಡಿ, ಆಗ ಗ್ರಿಡ್ ಫ್ರೀ ಇರತ್ತೆ ಅಂತಾರೆ. ಬ್ರಿಟನ್ನಿಗೆ ಅದು ಸರಿ. ನಮ್ಮ ಕಡೆ ಪಾವಗಡದ್ದು ಒಂದೇ 2,050 ಮೆಗಾವಾಟ್ ಸೋಲಾರ್, ಇಂಥವೆಲ್ಲ ಮಧ್ಯಾಹ್ನ ಉಕ್ಕತ್ತೆ, ಸಂಜೆ ಆರೂವರೆ ಏಳಕ್ಕೆ ಸೊನ್ನೆ. ಆ ಹೊತ್ತಿಗೇ ಜನ ಮನೆಗೆ ಬರೋದು, ಲೈಟು, ಟಿವಿ, ಎಸಿ, ಮಿಕ್ಸಿ, ಮೇಲೆ ಕಾರು. ಆಗ ಶರಾವತಿ ನೀರು ಬಿಡಬೇಕು, ರಾಯಚೂರಲ್ಲಿ ಕಲ್ಲಿದ್ದಲು ಸುಡಬೇಕು. ಹಾಗಾಗಿ ಬರೀ ಡಿಮ್ಯಾಂಡ್ ನೋಡ್ಬೇಡಿ, ನೆಟ್ ಲೋಡ್ ನೋಡಿ, ಡಿಮ್ಯಾಂಡಿಂದ ಸೋಲಾರು, ಗಾಳಿ ಕಳೆದು ಉಳಿದಿದ್ದು. ಪಂಪ್‌ಸೆಟ್ಟನ್ನ ಆದಷ್ಟು ಹಗಲಿಗೆ ತರ್ತಿರೋದೂ ಈ ಲೆಕ್ಕದಲ್ಲೇ. ಕಾರಿಗೂ ಬೆಸ್ಟ್ ಟೈಮ್ ಆಫೀಸ್ ಪಾರ್ಕಿಂಗಲ್ಲಿ ಮಧ್ಯಾಹ್ನ, ಎರಡನೇದು ಮಧ್ಯರಾತ್ರಿ ಮೇಲೆ, ಸಂಜೆ 6ರಿಂದ 10 ಎಲ್ಲಕ್ಕಿಂತ ಕೆಟ್ಟದು. 2022 ಸೆಪ್ಟೆಂಬರ್ ಬಿಸಿಲಿಗೆ ಕ್ಯಾಲಿಫೋರ್ನಿಯಾದಲ್ಲಿ ಜನರಿಗೆ ಕೇಳ್ಕೊಂಡಿದ್ದೂ ಇದೇ, ಸಂಜೆ 4ರಿಂದ 9 ಕಾರು ಚಾರ್ಜ್ ಮಾಡ್ಬೇಡಿ ಅಂತ, ಉಳಿದ ಹೊತ್ತಲ್ಲಿ ಬೇಡ ಅನ್ನಲಿಲ್ಲ. 2035ರಿಂದ ಹೊಸ ಪೆಟ್ರೋಲ್ ಕಾರು ಮಾರೋ ಹಾಗಿಲ್ಲ ಅಂತ ನಿಯಮ ಪಾಸ್ ಮಾಡಿ ಇನ್ನೂ ಹತ್ತು ದಿನಾನೂ ಆಗಿರಲಿಲ್ಲ, ಎಲ್ರೂ ಚೆನ್ನಾಗಿ ಆಡ್ಕೊಂಡ್ರು.

ಜನ ಟೈಮ್ ಬದಲಾಯಿಸೋ ಹಾಗೆ ಮಾಡೋಕೆ ಇರೋ ಆಯುಧ ರೇಟು. 2023ರ ಕೇಂದ್ರ ನಿಯಮದ ಪ್ರಕಾರ ಸೋಲಾರ್ ಹೊತ್ತಲ್ಲಿ ದರ ಕನಿಷ್ಠ 20 ಪರ್ಸೆಂಟ್ ಕಮ್ಮಿ, ಪೀಕಲ್ಲಿ ಜಾಸ್ತಿ, ಮನೆಗಳಿಗೆ ಸ್ಮಾರ್ಟ್ ಮೀಟರ್ ಬಂದ್ಮೇಲೆ. ಆದ್ರೆ ರೇಟಿಗೆ ಒಂದು ಅಡ್ಡಪರಿಣಾಮ ಇದೆ. ರಾತ್ರಿ 10ಕ್ಕೆ ರೇಟ್ ಇಳಿಯತ್ತೆ ಅಂದ್ರೆ ಎಲ್ರೂ ಆ್ಯಪಲ್ಲಿ 10:00ಕ್ಕೆ ಟೈಮರ್ ಇಡ್ತಾರೆ, ಸರಿಯಾಗಿ 10 ಗಂಟೆಗೆ ಊರಿನ ಕಾರೆಲ್ಲ ಒಂದೇ ಸೆಕೆಂಡಿಗೆ ಆನ್. ಚಿಕ್ಕಪ್ಪನ ಆಟೋ ಸ್ಟಾರ್ಟರ್ ಬೆಂಗಳೂರಿಗೆ ಬಂತು ನೋಡಿ! ಜನ ತಮ್ಮ ಪಾಡಿಗೆ ಪ್ಲಗ್ ಹಾಕ್ತಿದ್ದಾಗ ಇದ್ದ ಡೈವರ್ಸಿಟೀನ ಟೈಮರೇ ಕೊಂದುಬಿಡ್ತು. ಬ್ರಿಟನ್ನಲ್ಲಿ 2022 ಜೂನ್ 30ರಿಂದ ಹೊಸ ಮನೆ ಚಾರ್ಜರುಗಳಲ್ಲಿ 10 ನಿಮಿಷದ ವರೆಗೂ ಲಾಟರಿ ಥರ ಎಷ್ಟೋ ಒಂದು ಡಿಲೇ ಇರಲೇಬೇಕು ಅಂತ ನಿಯಮ ಮಾಡಿದ್ರು, ಒಂದು ಚಾರ್ಜರ್ 2 ನಿಮಿಷ ಬಿಟ್ಟು, ಇನ್ನೊಂದು 7 ನಿಮಿಷ ಬಿಟ್ಟು ಶುರು ಆಗತ್ತೆ. ಓದ್ದಾಗ ನಗು ಬಂತು, ಯಾಕಂದ್ರೆ ನಮ್ಮೂರಲ್ಲಿ ಟಿಸಿ ಸುಟ್ಟ ಮೇಲೆ ಲೈನ್‌ಮನ್ ಬಂದು ಮಾಡಿದ್ದು ಅದನ್ನೇ, ಒಬ್ಬೊಬ್ಬರ ಸ್ಟಾರ್ಟರಲ್ಲೂ ಟೈಮರ್ ತಿರುಗಿಸಿ ನಿಂದು ಒಂದು ನಿಮಿಷ, ನಿಂದು ಎರಡು, ನಿಂದು ಮೂರು ಅಂತ. ಒಬ್ರು ಮಾತ್ರ ತಮ್ಮದು ಫಸ್ಟ್ ಬರಲಿ ಅಂತ ಆಮೇಲೆ ಸೊನ್ನೆಗೆ ತಿರುಗಿಸ್ಕೊಂಡ್ರು, ಯಾರು ಅಂತ ಹೇಳಲ್ಲ, ಮನೆಯವರೇ.

ನೀವೇ ಮಾಡಿ ನೋಡೋಕೆ ಒಂದು ಲೆಕ್ಕ: 100 ಕೆವಿಎ ಟಿಸಿ, ಪವರ್ ಫ್ಯಾಕ್ಟರ್ 0.9, 40 ಮನೆ, ಸಂಜೆ ಪೀಕ್ 60 ಕಿಲೋವಾಟ್. 3.3 ಕಿಲೋವಾಟ್ ಚಾರ್ಜರ್ ಒಟ್ಟಿಗೆ ಎಷ್ಟು ತಡಿಯತ್ತೆ? 9 ಬರಬೇಕು. ಆ ಒಂಬತ್ತೂ ಒಂದೇ ಫೇಸಲ್ಲಿದ್ರೆ ಏನಾಗತ್ತೆ ಅಂತಾನೂ ಮಾಡಿ, ಫುಲ್ ಲೋಡ್ ಕರೆಂಟ್ 133 ಆಂಪ್, ಮನೆಗಳ ಲೋಡ್ ಮೂರು ಫೇಸಿಗೂ ಸಮ ಅಂತ ಇಟ್ಕೊಳ್ಳಿ.