ರಿಂಗಿನ ನಟ್ಟಿಗೆ ಅವಸರ ಬೇಡ

ಅಪಘಾತದಲ್ಲಿ ಮೊಣಕಾಲ ಕೆಳಗಿನ ಮೂಳೆ ಆರು ಸೆಂಟಿಮೀಟರ್‌ನಷ್ಟು ಕಳೆದುಹೋದವರಿಗೆ ಇಲಿಜರೋವ್ ರಿಂಗ್ ಹಾಕಿ (ಕಾಲಿನ ಹೊರಗೆ ಸುತ್ತಲೂ ಕೂರುವ, ತಂತಿಗಳಿಂದ ಮೂಳೆ ಹಿಡಿಯುವ ಬಳೆಗಳು; ಅವನ್ನು ಜೋಡಿಸುವ ರಾಡುಗಳ ನಟ್ಟು ತಿರುಗಿಸಿದರೆ ಮೂಳೆ ನಿಧಾನ ಸರಿಯುತ್ತದೆ), ನಟ್ಟು ತಿರುಗಿಸಲು ಸ್ಪ್ಯಾನರ್ ಕೈಗಿತ್ತು ಮನೆಗೆ ಕಳಿಸುತ್ತೇವೆ. ಮತ್ತೆ ತೋರಿಸಲು ಬಂದಾಗ ಕೇಳಿಬರುವ ಮಾತು: "ಡಾಕ್ಟ್ರೇ, ಮದುವೆಗೆ ಹೋಗಿದ್ವಿ, ಎರಡು ದಿನ ತಿರುಗಿಸೋಕಾಗ್ಲಿಲ್ಲ. ಬಂದ್ಮೇಲೆ ಎಲ್ಲಾ ಸೇರಿಸಿ ಒಟ್ಟಿಗೇ ತಿರುಗಿಸಿದ್ವಿ."

ದಯವಿಟ್ಟು ಹಾಗೆ ಮಾಡಬೇಡಿ.

ಖಾಲಿ ಜಾಗದಿಂದ ದೂರ, ಸಾಮಾನ್ಯವಾಗಿ ಮೊಣಕಾಲಿನ ಹತ್ತಿರ, ಚೆನ್ನಾಗಿರುವ ಮೂಳೆಯನ್ನು ನಾವೇ ಅಡ್ಡಕ್ಕೆ ಕಡಿದಿರುತ್ತೇವೆ. ಸುಮಾರು ಒಂದು ವಾರ ಅದನ್ನು ಮುಟ್ಟುವುದಿಲ್ಲ. ಆಮೇಲೆ ಕಡಿದ ಜಾಗಕ್ಕೂ ಖಾಲಿ ಜಾಗಕ್ಕೂ ನಡುವಿನ ತುಂಡು ದಿನಕ್ಕೆ 1 ಮಿಲಿಮೀಟರ್ ಕೆಳಕ್ಕೆ ಸರಿಯುತ್ತಾ ಹೋದಂತೆ, ಹಿಂದೆ ಉಳಿದ ಸೀಳಿನಲ್ಲಿ ಹೊಸ ಮೂಳೆ ಹುಟ್ಟುತ್ತದೆ. ರಾಡಿನ ಮೇಲೆ ನಟ್ಟು ಒಂದು ಪೂರ್ತಿ ಸುತ್ತು ಹೋದರೆ 1 ಮಿ.ಮೀ. ಹಾಗಾಗಿ ಆರು ಗಂಟೆಗೊಮ್ಮೆ ಕಾಲು ಸುತ್ತು. ರಿಂಗಿಗೆ ನಾಲ್ಕು ರಾಡ್ ಇದ್ದರೆ ನಾಲ್ಕಕ್ಕೂ ಅಷ್ಟಷ್ಟೇ; ಒಂದು ಮರೆತರೂ ರಿಂಗ್ ಓರೆಯಾಗುತ್ತದೆ. ನಟ್ಟಿನ ಒಂದು ಮುಖಕ್ಕೆ ಉಗುರುಬಣ್ಣ ಹಚ್ಚಿಕೊಂಡರೆ ಲೆಕ್ಕ ತಪ್ಪದು.

ಈ ವೇಗ ಅಂದಾಜಿನದಲ್ಲ. ಸೈಬೀರಿಯದ ಕುರ್ಗಾನ್‌ನಲ್ಲಿ ಈ ರಿಂಗನ್ನು ರೂಪಿಸಿದ ವೈದ್ಯ ಗಾವ್ರಿಲ್ ಇಲಿಜರೋವ್ ನಾಯಿಗಳ ಕಾಲಿನ ಮೇಲೆ ಪರೀಕ್ಷಿಸಿ ಕಂಡುಕೊಂಡದ್ದು. ದಿನಕ್ಕೆ 0.5 ಮಿ.ಮೀ. ಎಳೆದರೆ ಸೀಳು ಬೇಗ ಕೂಡಿಕೊಂಡು ಮುಂದೆ ಸರಿಯದೆ ನಿಲ್ಲಬಹುದು, 2 ಮಿ.ಮೀ. ಎಳೆದರೆ ಮೂಳೆಯಾಗಬೇಕಾದಲ್ಲಿ ಬರೀ ನಾರು. ಒಂದೇ ಮಿಲಿಮೀಟರನ್ನು ಹೆಚ್ಚು ಕಂತುಗಳಲ್ಲಿ ಎಳೆದಷ್ಟೂ ಮೂಳೆ ಚೆನ್ನಾಗಿ ಬಂತು. ಸೀಳಿನೊಳಗೆ ಆಗಷ್ಟೇ ಚಿಗುರುವ ಕೂದಲೆಳೆಯಂಥ ರಕ್ತನಾಳಗಳೇ ಆ ಮೂಳೆಯನ್ನು ಸಾಕುವುದು. ಎರಡು ಸುತ್ತು ಒಮ್ಮೆಲೇ ಹಾಕಿದರೆ ಅವು ಹರಿಯುತ್ತವೆ, ನರವೂ ಎಳೆತಕ್ಕೆ ಸಿಗುತ್ತದೆ. ಪಾದ ಜೋಮು ಹಿಡಿದರೆ, ಹೆಬ್ಬೆರಳು ಮೇಲೆತ್ತಲಾಗದಿದ್ದರೆ ತಿರುಗಿಸುವುದನ್ನು ನಿಲ್ಲಿಸಿ ಆಗಲೇ ಫೋನ್ ಮಾಡಿ. ಒಂದು ಸರದಿ ತಪ್ಪಿದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಒಂದು ದಿನಕ್ಕಿಂತ ಹೆಚ್ಚು ತಪ್ಪಿದ್ದರೆ ಕೇಳಿಯೇ ತಿರುಗಿಸಿ. ನಿಮ್ಮ ಸರ್ಜನ್ ಎಕ್ಸ್-ರೇ ನೋಡಿ ಬೇರೆ ವೇಗ ಹೇಳಿದ್ದರೆ ಅದೇ ಸರಿ.

ಇನ್ನೊಂದು ಲೆಕ್ಕ ಮೊದಲೇ ತಿಳಿದಿರಲಿ. 6 ಸೆಂ.ಮೀ. ಸರಿಯಲು 60 ದಿನ. ಹೊಸ ಮೂಳೆ ಗಟ್ಟಿಯಾಗಲು ಅದರ ಎರಡರಷ್ಟು, ಎಷ್ಟೋ ಸಲ ಮೂರರಷ್ಟು ಕಾಲ ಬೇಕು. ಎಕ್ಸ್-ರೇಯಲ್ಲಿ ನಾಲ್ಕು ಬದಿಗಳ ಪೈಕಿ ಮೂರರಲ್ಲಾದರೂ ಹೊಸ ಮೂಳೆಯ ಗಟ್ಟಿ ಹೊರಗೋಡೆ ಕಾಣುವ ತನಕ ರಿಂಗ್ ಬಿಚ್ಚುವುದಿಲ್ಲ, ಎಷ್ಟು ಬೇಡಿಕೊಂಡರೂ. ಬೀಡಿ, ಸಿಗರೇಟು ಈ ಕಾಯುವಿಕೆಯನ್ನು ಇನ್ನೂ ಎಳೆಯುತ್ತವೆ. ಹೇಳಿದಷ್ಟು ಭಾರ ಊರಿ ನಡೆಯುವುದು ಮೂಳೆಗೆ ಒಳ್ಳೆಯದು. ನೋವಿದೆ, ನಮಗೂ ಗೊತ್ತು, ಆದರೂ ನಡೆಯಿರಿ.

ಸರಿದ ತುಂಡು ಕೆಳಗಿನ ಮೂಳೆಗೆ ಮುಟ್ಟಿದ ಜಾಗ ಹಲವರಲ್ಲಿ ತಾನಾಗಿ ಕೂಡುವುದಿಲ್ಲ. ಆಗ ಸೊಂಟದ ಮೂಳೆಯ ಚೂರು ತೆಗೆದು ಅಲ್ಲಿಡಲು ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಖರ್ಚು, ರಜೆ, ಜೊತೆಗೆ ಇರುವವರು ಯಾರು ಎಂಬುದನ್ನೆಲ್ಲ ಅದನ್ನೂ ಸೇರಿಸಿಕೊಂಡೇ ಯೋಚಿಸಿ.