ಚೆನ್, ಚಾನ್, ತಾನ್, ಚರ್ನ್: ಅಕ್ಷರ ಒಂದು, ಕಾಗುಣಿತ ಹಲವು

ನಟ ಜಾಕಿ ಚಾನ್, ಸಿಂಗಪುರದ ಉದ್ಯಮಿ ತಾನ್ ಕಾಹ್ ಕೀ, ಗಣಿತಜ್ಞ ಶಿಂಗ್-ಶೆನ್ ಚರ್ನ್. ಚೀನೀ ಲಿಪಿಯಲ್ಲಿ ಈ ಮೂವರ ಮನೆತನದ ಹೆಸರು ಒಂದೇ ಅಕ್ಷರ. ಮ್ಯಾಂಡರಿನ್‌ನಲ್ಲಿ ಅದು ಚೆನ್.

ಮೂಲದ ಕಥೆ ಸರಳ. ಝೌ ವಂಶದ ರಾಜ ವೂ, ಪುರಾಣಪುರುಷ ಶುನ್‌ನ ಸಂತತಿಯವನೆನ್ನಲಾದ ಗುಯ್ ಮಾನ್‌ಗೆ ಚೆನ್ ಎಂಬ ನಾಡನ್ನು ಕೊಟ್ಟನೆಂದು ಸಂಪ್ರದಾಯ ಹೇಳುತ್ತದೆ. ಅದು ಇಂದಿನ ಹೆನಾನ್ ಪ್ರಾಂತ್ಯದಲ್ಲಿತ್ತು. ಚೂ ರಾಜ್ಯ ಅದನ್ನು ನುಂಗಿದ ಮೇಲೂ ನಾಡಿನ ಹೆಸರು ಮನೆತನದ ಹೆಸರಾಗಿ ಉಳಿಯಿತು.

ಚೆನ್ ಮತ್ತು ಚಾನ್ ನಡುವೆ ಸ್ವರವಷ್ಟೇ ಬೇರೆ. ಚಾನ್ ಹಾಂಗ್‌ಕಾಂಗ್ ಕಡೆಯ ಚೀನೀ ನುಡಿಯಾದ ಕ್ಯಾಂಟನೀಸ್‌ನ ಉಚ್ಚಾರಣೆ. ಕಷ್ಟವಿರುವುದು ತಾನ್‌ನಲ್ಲಿ. ಚಕಾರ ತಕಾರವಾದದ್ದು ಹೇಗೆ? ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು: ತಕಾರ ಚಕಾರವಾದದ್ದು ಎಲ್ಲಿ? ಪ್ರಾಚೀನ ಚೀನೀ ಭಾಷೆಯಲ್ಲಿ ಈ ಅಕ್ಷರದ ಮೊದಲ ಧ್ವನಿ ದಕಾರಕ್ಕೆ ಹತ್ತಿರವಿತ್ತು. ಮ್ಯಾಂಡರಿನ್, ಕ್ಯಾಂಟನೀಸ್‌ಗಳಲ್ಲಿ ಅದು ಕ್ರಮೇಣ ಚಕಾರದತ್ತ ಸರಿಯಿತು. ದಕ್ಷಿಣ ಫುಜಿಯಾನ್ ಪ್ರಾಂತ್ಯದ ಹೊಕ್ಕಿಯನ್‌ನಂಥ ನುಡಿಗಳು ತಕಾರದಲ್ಲೇ ನಿಂತವು. ತಾನ್ ಆ ಹೊಕ್ಕಿಯನ್ ಉಚ್ಚಾರಣೆ. ಸಾಕ್ಷಿ ನಮ್ಮ ಬಾಯಲ್ಲೇ ಇದೆ. ನಾವು ಚಹಾ ಎಂದರೂ ಟೀ ಎಂದರೂ ಮೂಲ ಒಂದೇ ಚೀನೀ ಅಕ್ಷರ. ಮ್ಯಾಂಡರಿನ್, ಕ್ಯಾಂಟನೀಸ್‌ಗಳ ಛಾ ಒಂದು ದಾರಿ ಹಿಡಿದು ಬಂದರೆ, ಹೊಕ್ಕಿಯನ್‌ನ ತೇ ಡಚ್ಚರ ಹಡಗು ಹತ್ತಿತು. ಛಾ–ತೇ ಜೋಡಿ ಹೇಗೋ ಚೆನ್–ತಾನ್ ಜೋಡಿಯೂ ಹಾಗೆಯೇ. ಧ್ವನಿ ಬದಲಾದ ನಿಯಮ ಅದೇ. ಇದೊಂದು ನೆನಪಿದ್ದರೆ ಬೇರೆ ಕೋಷ್ಟಕ ಬೇಡ.

ಇನ್ನೊಂದು ಸಾಕ್ಷಿ ಇನ್ನೂ ಹಳೆಯದು. ಕ್ರಿ.ಪೂ. 672ರಲ್ಲಿ ಚೆನ್ ವಾನ್ ಎಂಬ ರಾಜಕುಮಾರ ಚಿ ರಾಜ್ಯಕ್ಕೆ ಓಡಿಹೋದ. ಅಲ್ಲಿ ಅವನ ವಂಶಕ್ಕೆ ತಿಯೆನ್ ಎಂಬ ಹೆಸರು ಬಂತು. ಮುಂದೆ ಆ ರಾಜ್ಯವೇ ಅವರ ಕೈಸೇರಿತು. ಆ ಕಾಲದಲ್ಲಿ ಎರಡು ಹೆಸರುಗಳೂ ಕಿವಿಗೆ ಒಂದೇ ಬಗೆಯಾಗಿದ್ದವೆಂದು 18ನೆಯ ಶತಮಾನದ ವಿದ್ವಾಂಸ ಚಿಯೆನ್ ದಾಶಿನ್ ವಾದಿಸಿದ.

ಇನ್ನು ಚೀನೀ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಗಳು. 1958ರ ಪಿನ್‌ಯಿನ್‌ನಲ್ಲಿ ಸಿ-ಎಚ್-ಇ-ಎನ್. ಹಳೆಯ ವೇಡ್-ಜೈಲ್ಸ್‌ನಲ್ಲಿ ಎಚ್ ಆದಮೇಲೆ ಒಂದು ಮೇಲ್ಕೊಂಬು (ಅಪಾಸ್ಟ್ರಫಿ ಚಿಹ್ನೆ) ಬೇಕು. ಅದು ಮಹಾಪ್ರಾಣದ ಗುರುತು. ಚ, ಛ ಬೇರೆಬೇರೆ ಬರೆಯುವ ನಮಗೆ ಇದು ಹೊಸತಲ್ಲ. ಕೊಂಬನ್ನು ಬಿಟ್ಟರೆ ಪಿನ್‌ಯಿನ್‌ನ ಝೆನ್ ಎಂಬ ಬೇರೆಯೇ ಮನೆತನವಾಗುತ್ತದೆ, ಆದರೂ ಬಳಕೆಯಲ್ಲಿ ಜನರು ಬಿಟ್ಟೇ ಬರೆದರು.

ಚರ್ನ್‌ನಲ್ಲಿರುವ ಆರ್ ಉಚ್ಚರಿಸಲಿಕ್ಕಲ್ಲ. 1928ರಲ್ಲಿ ಅಧಿಕೃತವಾದ ಗ್ವೊಯೂ ರೊಮಾತ್ಸಿ ಪದ್ಧತಿ ಧಾಟಿಯನ್ನೂ, ಅಂದರೆ ಉಚ್ಚರಿಸುವಾಗಿನ ದನಿಯ ಏರಿಳಿತವನ್ನೂ, ಕಾಗುಣಿತದಲ್ಲೇ ತೋರಿಸುತ್ತಿತ್ತು. ಇಲ್ಲಿ ಆರ್ ಎಂದರೆ ಏರುಧಾಟಿ. ಈ ಗಣಿತಜ್ಞನ ಹೆಸರು ಹೊತ್ತ ಚರ್ನ್–ಸೈಮನ್ಸ್ ಸಿದ್ಧಾಂತದ ಮಾತು ಬಂದಾಗ ಆ ಆರ್ ಅನ್ನು ಉರುಳಿಸಿ ಹೇಳುವವರಿಗೆ ಇದನ್ನು ತಿಳಿಸಬಹುದು.

ಕೊನೆಗೊಂದು ಎಚ್ಚರಿಕೆ. ಪಿನ್‌ಯಿನ್‌ನಲ್ಲಿ ಟಿ-ಎ-ಎನ್ ಎಂದು ಬರೆಯುವ ಬೇರೊಂದು ಮನೆತನವಿದೆ. ಹಾಂಗ್‌ಕಾಂಗ್‌ನಲ್ಲಿ ಅದು ತಾಮ್. ಸಿಂಗಪುರದವರ ತಾನ್ ಸಾಮಾನ್ಯವಾಗಿ ನಮ್ಮ ಚೆನ್. ಬೀಜಿಂಗ್‌ನವರ ತಾನ್ ಅಲ್ಲ.